ಗೌರಿಕುಟ್ಟಿ ಟೀಚರ ಬಾಡಿಗೆದಾರರು

ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಕಚೇರಿಯಿಂದ ದೋಣಿ ಹಿಡಿದು, ಆಮೇಲೆ ಬಸ್ಸು ಹತ್ತಿ ತ್ರಿಪ್ಪುಣಿತ್ತುರದ ಮನೆ ಸೇರುವ ಹೊತ್ತಿಗೆ ನಿತ್ಯಾನಂದನಿಗೆ ತಿರುವನಂತಪುರದ ಉಳ್ಳೂರಿನ ಬಾಡಿಗೆ ಮನೆಯ ಜಗಲಿ ನೆನಪಾಗುತ್ತಿತ್ತು. ಆ ಊರು ಬಿಟ್ಟು ಮೂರು ವರ್ಷವಾದರೂ ಆ ಜಗಲಿ ಅವನನ್ನು ಬಿಟ್ಟಿರಲಿಲ್ಲ.

೧೯೬೪ರಲ್ಲಿ ಸೆಂಟ್ರಲ್ ಎಕ್ಸೈಸಿನಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದಾಗ ಅವನಿಗೆ ಮದುವೆಯಾಗಿದ್ದು ಹೊಸತು. ಮಂಜೇಶ್ವರದಲ್ಲಿದ್ದ ವಸಂತಿಯನ್ನು ಕರೆಸಿಕೊಳ್ಳಲು ಮನೆ ಹುಡುಕುತ್ತಿದ್ದ. ಎರಡು ಕಡೆ ಮಾತು ಕುದುರಿ, ಕೊನೆಗೆ ತಂದೆಗೇನು ಕೆಲಸ ಎಂಬ ಪ್ರಶ್ನೆ ಬಂತು. ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಾರೆ ಎಂದು ಇದ್ದದ್ದನ್ನು ಹೇಳಿದ. ಒಬ್ಬರಿಗೆ ಇದ್ದಕ್ಕಿದ್ದಂತೆ ಮನೆಯ ರಿಪೇರಿ ನೆನಪಾಯಿತು, ಇನ್ನೊಬ್ಬರಿಗೆ ಮದರಾಸಿನಿಂದ ಬರಲಿರುವ ಮಗ.

ಮೂರನೆಯದು ನಿವೃತ್ತ ಶಿಕ್ಷಕಿ ಗೌರಿಕುಟ್ಟಿಯವರ ಮನೆ. ಅರವತ್ತು ದಾಟಿದ ಒಂಟಿ ಹೆಂಗಸು. ಬಾಗಿಲಲ್ಲಿ ನಿಂತಾಗಲೇ ಒಳಗಿನ ಗೋಡೆಯ ಪಟ ಅವನ ಕಣ್ಣಿಗೆ ಬಿತ್ತು. ನಾರಾಯಣ ಗುರುಗಳು. ಮುಂದೆ ಸಣ್ಣ ದೀಪ.

"ಇವರು ನಮ್ಮ ಮನೆಯಲ್ಲೂ ಇದ್ದಾರೆ," ಎಂದ ತನ್ನ ಹರುಕು ಮಲಯಾಳದಲ್ಲಿ.

"ಕನ್ನಡದವರ ಮನೆಯಲ್ಲೋ?"

"ಗುರುಗಳು ಮಂಗಳೂರಿಗೆ ಬಂದು ಕುದ್ರೋಳಿ ದೇವಸ್ಥಾನ ಪ್ರತಿಷ್ಠೆ ಮಾಡಿದ್ರು ಟೀಚರ್. ಅದಕ್ಕೆ ಕಲ್ಲು ಹೊತ್ತವರಲ್ಲಿ ನನ್ನ ಅಜ್ಜನೂ ಒಬ್ಬರು. ಅದುವರೆಗೆ ದೇವರನ್ನು ಹೊರಗೆ ನಿಂತೇ ನೋಡಿದವರು. ಮೊದಲ ಸಲ ಒಳಗೆ ಹೋದಾಗ ಕೈ ಮುಗಿಯುವುದೇ ಮರೆತುಹೋಯ್ತಂತೆ."

ಚಿಕ್ಕವರಿದ್ದಾಗ ಟೀಚರನ್ನೂ ಕೀಳು ಜಾತಿ ಎಂದು ಶಾಲೆಯ ಗೇಟಿನಿಂದಲೇ ಹಿಂದಕ್ಕೆ ಕಳಿಸಿದ್ದರು. ಓದಿಸು ಎಂದು ಗುರುಗಳು ಹೇಳಿದ ಮಾತು ಹಿಡಿದು ಅವರ ಅಪ್ಪ ಮತ್ತೆ ಮತ್ತೆ ಅದೇ ಗೇಟಿಗೆ ಕರೆದೊಯ್ದಿದ್ದರಂತೆ. "ಚಾಯ ಕುಡಿ ಮೋನೆ," ಎಂದು ಟೀಚರು ಮಗನನ್ನು ಕರೆದಂತೆ ಕರೆದರು. ಮನೆ ಸಿಕ್ಕಿತು.

ವಸಂತಿ ಬಂದಳು, ಕೆಲವು ವರ್ಷಕ್ಕೆ ಸುಮಿತ್ರ ಹುಟ್ಟಿದಳು. ಮಗುವಿಗೆ ಮೊದಲು ಬಂದ ಮಾತು ಮಲಯಾಳವೇ. ಸಂಜೆಯಾದರೆ ಎಲ್ಲರೂ ಜಗಲಿಯಲ್ಲಿ. ಟೀಚರು ಹಳೆಯ ಸತ್ಯಾಗ್ರಹಗಳ ಕಥೆ ಹೇಳುವರು, ಅರ್ಧ ಅರ್ಥವಾದರೂ ವಸಂತಿ ಪೂರ್ತಿ ಕೇಳುವಳು.

ಅಂಥದ್ದೊಂದು ಭಾನುವಾರ ಹಿಂದಿನ ಕೋಣೆ ಕೇಳಿಕೊಂಡು ಮೆಡಿಕಲ್ ಕಾಲೇಜಿನ ನರ್ಸ್ ಒಬ್ಬಳು ಬಂದಳು. ರತ್ನಮ್ಮ ಎಂದು ಹೆಸರು. ಟೀಚರು ಖುಷಿಯಿಂದಲೇ ಮಾತಾಡಿಸಿದರು. ಊರು ಕುಟ್ಟನಾಡು. ಅಪ್ಪ? ಜಮೀನ್ದಾರರ ಗದ್ದೆಯಲ್ಲಿ ಆಳು, ಊರವರು ಮುಟ್ಟಿಸಿಕೊಳ್ಳದ ಪುಲಯರು. ಟೀಚರ ದನಿ ಇಳಿಯಿತು. "ಕೋಣೆಗೆ ನನ್ನ ನೆಂಟರು ಬರುವವರಿದ್ದಾರೆ ಮೋಳೆ," ಎಂದರು, ಮಗಳೇ ಎಂದು ಕರೆದೇ.

ಆ ಹುಡುಗಿ ಇಂಥದ್ದನ್ನು ಮೊದಲೂ ಕೇಳಿದವಳಂತೆ ತಲೆಯಾಡಿಸಿ ಹೊರಟುಹೋದಳು. ನಿತ್ಯಾನಂದ ಅವಳು ಹೋದ ಗೇಟನ್ನೇ ನೋಡಿದ. ತಾನು ದೇವರಂತೆ ಕಂಡ ಟೀಚರಿಗೆ ಏನು ಹೇಳುವುದು?

ವಸಂತಿಗೆ ಇದೊಂದೂ ಹೊಳೆದಿರಲಿಲ್ಲ. "ನೆಂಟರು ಬರ್ತಾರಂತ ನೀವು ಹೇಳ್ಳೇ ಇಲ್ಲ ಅಲ್ಲ ಟೀಚರ್? ಯಾವಾಗ ಬರೂದು? ದೋಸೆಗೆ ಅಕ್ಕಿ ಜಾಸ್ತಿ ನೆನೆಸ್ಬೇಕಾ?" ಎಂದು ಎರಡೂ ಭಾಷೆ ಬೆರೆಸಿ ನಿಜವಾಗಿಯೇ ಕೇಳಿದಳು.

ಟೀಚರ ಮುಖ ಕೆಂಪಾಯಿತು. "ಯಾರೂ ಬರುವುದಿಲ್ಲ," ಎಂದು ಎದ್ದು ಒಳಗೆ ಹೋದರು. ಆ ರಾತ್ರಿ ಊಟಕ್ಕೂ ಏಳಲಿಲ್ಲ. "ಎಂತ ಆಯ್ತು ಮಾರಾಯ್ರೆ, ನಾನೆಂತ ತಪ್ಪು ಮಾತಾಡಿದೆ?" ಎಂದು ವಸಂತಿ ಗಾಬರಿಯಾದಳು.

"ಇಲ್ಲ ವಸಂತಿ, ನಾನು ಹೇಳ್ಬೇಕಾದ್ದನ್ನ ನೀನು ಕೇಳಿದೆ," ಎಂದ ನಿತ್ಯಾನಂದ.

ಮರುದಿನ ಬೆಳಿಗ್ಗೆ ಟೀಚರು ಒಗೆದ ಮುಂಡು ಉಟ್ಟು ಒಬ್ಬರೇ ಆಸ್ಪತ್ರೆಗೆ ನಡೆದರು. ರತ್ನಮ್ಮ ಸುಲಭಕ್ಕೆ ಒಪ್ಪಲಿಲ್ಲ. "ನಿನ್ನೆ ಇಲ್ಲದ ಕೋಣೆ ಇವತ್ತು ಎಲ್ಲಿಂದ ಬಂತು?" ಎಂದು ವಾರ್ಡಿನವರ ಎದುರೇ ಕೇಳಿದಳಂತೆ. ಟೀಚರು ಮೂರು ಸಲ ಹೋಗಬೇಕಾಯಿತು. ಕೊನೆಗೆ ತಿಂಗಳ ಮೊದಲ ದಿನ ತಗಡಿನ ಪೆಟ್ಟಿಗೆ ಹಿಡಿದು ಅವಳು ಬಂದಳು. ಅಂದು ಬಾವಿಯಿಂದ ಮೊದಲ ಕೊಡ ನೀರನ್ನು ಟೀಚರು ಅವಳ ಕೈಯಲ್ಲೇ ಸೇದಿಸಿದರು. ಇಬ್ಬರೂ ತಿಂಗಳುಗಟ್ಟಲೆ ಬಿಗುವಾಗಿಯೇ ಇದ್ದರು. ಸುಮಿತ್ರಳಿಗೆ ವಿಷಮಶೀತ ಜ್ವರ ಬಂದಾಗ ಸರದಿಯ ಮೇಲೆ ನಿದ್ದೆಗೆಟ್ಟು ಕೂತರು ನೋಡಿ, ಆಮೇಲೆ ಜಗಲಿಯಲ್ಲಿ ನಗು ಮೊದಲಾಯಿತು. ಗುರುಗಳ ಕಥೆಯ ನಡುವೆ ರತ್ನಮ್ಮ ಬಾಯಿ ಹಾಕುವಳು: "ನಮ್ಮ ಪುಲಯರ ಅಯ್ಯಂಕಾಳಿಯವರು ಎತ್ತಿನ ಗಾಡಿ ಹತ್ತಿ, ನಾವು ಕಾಲಿಡಬಾರದಿದ್ದ ರಾಜಬೀದಿಯಲ್ಲೇ ಹೋದದ್ದನ್ನೂ ಹೇಳಿ ಟೀಚರ್!" ಟೀಚರು ಅದನ್ನೂ ಹೇಳುವರು. ಅವರು ಮರೆತದ್ದನ್ನು ಇವಳು ಸೇರಿಸುವಳು.

೧೯೭೩ರಲ್ಲಿ ನಿತ್ಯಾನಂದನಿಗೆ ಕೊಚ್ಚಿಗೆ ವರ್ಗವಾಯಿತು. ಹೊರಟ ದಿನ ಟೀಚರು ಗೇಟಿನವರೆಗೂ ಬರಲಿಲ್ಲ, ಕಾಲುನೋವು ಎಂದರು. ರತ್ನಮ್ಮ ಸುಮಿತ್ರಳನ್ನು ಎತ್ತಿಕೊಂಡು ಬಸ್ಸಿನವರೆಗೆ ಬಂದಳು, ಕಂಡಕ್ಟರ್ ಸೀಟಿ ಊದಿದರೂ ಇಳಿಸಲಿಲ್ಲ. ವಸಂತಿ ಕೊಲ್ಲಂ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ನಿತ್ಯಾನಂದ ಸಮಾಧಾನ ಮಾಡಲು ಹೋಗಲಿಲ್ಲ. ಅವನೂ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದ.