ಅಂದಾನಯ್ಯನ ಇಲ್ಲದ ಬಾವಿ

ಸರ್ಕಾರದ ಪೆನ್ನಿನ ಮುಂದೆ ನಿಂತು 'ಇಲ್ಲ' ಅನ್ನುವುದರಲ್ಲಿ ಗುಬ್ಬಿಕೊಪ್ಪಲಿನ ಅಂದಾನಯ್ಯನನ್ನು ಮೀರಿಸುವವರು ಪಾಂಡವಪುರ ತಾಲ್ಲೂಕಿನಲ್ಲೇ ಇರಲಿಲ್ಲ. ನಾಗಮಂಗಲ, ಕೆ.ಆರ್. ಪೇಟೆ ಎರಡನ್ನೂ ಸೇರಿಸಿಕೊಂಡರೂ ಇರಲಾರರು ಎಂಬುದು ಅವನ ಸ್ವಂತ ಅಭಿಪ್ರಾಯ. ಜಾನುವಾರು ಗಣತಿಗೆ ಬಂದವರಿಗೆ ಅವನ ಆರು ರಾಸುಗಳಲ್ಲಿ ಕಂಡದ್ದು ಒಂದು ಕುಂಟೆಮ್ಮೆ ಮಾತ್ರ. ಅದೂ ಭಾಮೈದನದಂತೆ, ನಾಲ್ಕು ದಿನ ಮೇಯಲು ಬಂದಿತ್ತಂತೆ. ಈ ವಿದ್ಯೆ ಅವನಿಗೆ ಅಪ್ಪನಿಂದ ಬಂದದ್ದು. ಸರ್ಕಾರ ರೈತರ ಕಾಳನ್ನು ಕಡ್ಡಾಯವಾಗಿ ಎತ್ತುತ್ತಿದ್ದ ಲೆವಿ ಕಾಲದಲ್ಲಿ ಮನೆಯಲ್ಲಿ ಕಾಳು ಎಷ್ಟಿದೆ ಎಂದು ಬಾಯಿಬಿಟ್ಟವರ ಅಟ್ಟದಿಂದ ಮೂಟೆಗಳು ಇಳಿದು ಲಾರಿ ಹತ್ತಿದ್ದನ್ನು ಅಪ್ಪ ಕಣ್ಣಾರೆ ಕಂಡಿದ್ದ. ಅಂದಿನಿಂದ ಆ ಮನೆಯಲ್ಲಿ ಹಾಳೆ ಹಿಡಿದು ಬಂದವರಿಗೆ ಮಜ್ಜಿಗೆ ಧಾರಾಳವಾಗಿ ಸಿಗುತ್ತಿತ್ತು, ನಿಜವೊಂದು ಸಿಗುತ್ತಿರಲಿಲ್ಲ.

ಇಷ್ಟೆಲ್ಲ 'ಇಲ್ಲ'ಗಳ ನಡುವೆ ಅವನಿಗೆ ಇದ್ದದ್ದು ಒಂದು ಬಾವಿ. ಮೇಲುಕೋಟೆ ಬೆಟ್ಟದ ತಪ್ಪಲಿನ ಆ ಒಣನೆಲದಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಎಪ್ಪತ್ತಮೂರರ ಬೇಸಿಗೆಯಲ್ಲಿ ಶುರು ಮಾಡಿ ಎರಡು ವರ್ಷ ಅವನೂ ಅವನ ಹೆಂಡತಿ ಲಕ್ಷ್ಮಿದೇವಮ್ಮನೂ ತೋಡಿದ್ದು. ನಲವತ್ತಡಿ. ಊರಿನ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಈ ಬಾವಿಯ ನೀರಿನಲ್ಲಿ ಬೇಯುತ್ತಿತ್ತು. ಹಾಗಾಗಿ ಊರಿನ ಅರ್ಧ ಜನ ಬಿಂದಿಗೆ ಹಿಡಿದು ಇಲ್ಲಿಗೇ ಬರುತ್ತಿದ್ದರು. ಪಂಪ್‌ಸೆಟ್ಟಿಗೆ ಕರೆಂಟು ಕೇಳಿ ಅರ್ಜಿ ಹಾಕಿದರೆ ಬಾವಿ ಪುಸ್ತಕಕ್ಕೆ ಏರುತ್ತದೆ ಎಂದು ಅಂದಾನಯ್ಯ ಎಂಬತ್ತಾರರಲ್ಲಿ ಮೋಟಾರು ತಂದು ಕಂಬದ ತಂತಿಗೆ ತಾನೇ ಕೊಕ್ಕೆ ಹಾಕಿಬಿಟ್ಟ. ತಪಾಸಣೆಯವರು ಬರುವ ದಿನ ಲೈನ್‌ಮನ್ ಸಿದ್ದೇಶ ಮುಂಚಿತವಾಗಿ ಸೈಕಲ್ ಬೆಲ್ ಬಾರಿಸಿಕೊಂಡು ಹೊಲದ ಬದಿಯಲ್ಲಿ ಹಾದುಹೋಗುತ್ತಿದ್ದ. ಕೊಕ್ಕೆ ಕೆಳಗಿಳಿಯುತ್ತಿತ್ತು. ಹೀಗೆ ಬಾವಿಯಾಗಲಿ, ಮೋಟಾರಾಗಲಿ, ಅದರ ನೀರು ಕುಡಿದು ಬೆಳೆದ ಇಪ್ಪತ್ತು ತೆಂಗಾಗಲಿ ಯಾವ ಸರ್ಕಾರಿ ಪುಸ್ತಕದಲ್ಲೂ ಇರಲಿಲ್ಲ. ಪಹಣಿಯಲ್ಲಿ ಅದು ಇವತ್ತಿಗೂ ಮಳೆ ನಂಬಿದ ಖುಷ್ಕಿ ಜಮೀನು.

ಇಂಥ ಊರಿಗೆ ತೊಂಬತ್ತೇಳರ ಕಾರ್ತಿಕದಲ್ಲಿ ಜೀಪಿನಲ್ಲಿ ಬಂದಿಳಿದವನು ಅಶೋಕ್. ಯಾವುದೋ ಕಾರ್ಖಾನೆಗೆ ಪರಿಸರ ವರದಿ ಬರೆದುಕೊಡುವ ಬೆಂಗಳೂರಿನ ಸಂಸ್ಥೆಯೊಂದರ ಸರ್ವೆಯವನು. ಪಾಪ, ಶನಿವಾರದೊಳಗೆ ಹನ್ನೊಂದು ಹಳ್ಳಿ ಮುಗಿಸಬೇಕಿತ್ತು. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೋ ಎಂದು ಮೇಲಿನವರು ಅಪ್ಪಣೆ ಮಾಡಿದ್ದರು. ಊರಿನ ಜನ ಅವನನ್ನು ನೇರವಾಗಿ ಅಂದಾನಯ್ಯನ ಹೊಲಕ್ಕೆ ಕರೆತಂದು ಬಿಟ್ಟರು.

"ಯಜಮಾನ್ರೇ, ಇಲ್ಲಿ ಬಾವಿ ಎಷ್ಟಿವೆ?"

"ಬಾವಿಯಾ? ಈ ಬಂಡೆ ನೆಲ್ದಾಗೆ ಎಲ್ಲಿ ಬಂತು ಸಾಮಿ ಬಾವಿ."

"ಮರ?"

ಅಂದಾನಯ್ಯ ತೆಂಗಿನ ನೆರಳಿನಿಂದ ಎರಡು ಹೆಜ್ಜೆ ಬಿಸಿಲಿಗೆ ಸರಿದು ನಿಂತು, "ಇಲ್ಲ" ಅಂದ. ಅಶೋಕ್ ತಲೆಯೆತ್ತಿ ಗರಿಗಳನ್ನು ನೋಡಿದ. "ಅವು ಇವತ್ತೋ ನಾಳೆಯೋ ಒಣಗೋವು ಸಾಮಿ, ಬರ್ಕೊಂಡು ಏನ್ ಮಾಡೀರಿ" ಅಂದ ಅಂದಾನಯ್ಯ.

"ನವಿಲು, ಗಿಳಿ ಏನಾದ್ರೂ?"

ಅಂದಾನಯ್ಯನಿಗೆ ಅರಣ್ಯ ಇಲಾಖೆಯವರ ನೆನಪಾಯಿತು. "ಇಲ್ಲ."

"ಗುಬ್ಬಿ? ಊರ ಹೆಸರೇ ಗುಬ್ಬಿಕೊಪ್ಪಲು ಅಲ್ವಾ?"

"ನಮ್ ತಾತನ ಕಾಲ್ದಲ್ಲಿ ಇದ್ವಂತೆ. ಒಂಟೋದ್ವು."

ಅಷ್ಟರಲ್ಲಿ ಲಕ್ಷ್ಮಿದೇವಮ್ಮ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಅಶೋಕ್ ಗಟಗಟ ಕುಡಿದು, ನೀರು ಎಷ್ಟು ಸಿಹಿಯಾಗಿದೆ, ಎಲ್ಲಿಯದು ಎಂದು ಕೇಳಿದ. ಅವಳು ಬಾಯಿ ತೆರೆಯುವುದರೊಳಗೆ ಗಂಡ, "ಪಕ್ಕದೂರಿಂದ ಒತ್ಕಬತ್ತೀವಿ" ಅಂದುಬಿಟ್ಟ. ಅವಳು ಅವನನ್ನು ಒಮ್ಮೆ ದುರುಗುಟ್ಟಿ ನೋಡಿ ಚೊಂಬು ಕಿತ್ತುಕೊಂಡು ಹೊರಟುಹೋದಳು. ಊರಿನ ಉಳಿದವರೂ ಹಿರಿಯನ ದಾರಿಯಲ್ಲೇ ನಡೆದರು. ಮಂಚಯ್ಯನಂತೂ ತನ್ನ ಹಿತ್ತಲಿನಲ್ಲಿ ಕೂಗುತ್ತಿದ್ದ ಕೋಳಿಯನ್ನೂ ಒಪ್ಪಿಕೊಳ್ಳಲಿಲ್ಲ. ಕೊನೆಗೆ ಸ್ಥಳೀಯ ಮಾಹಿತಿದಾರ ಎಂಬ ಜಾಗದಲ್ಲಿ ಅಂದಾನಯ್ಯ ಗತ್ತಿನಿಂದ ಸಹಿ ಹಾಕಿದ. ಆ ಜೀಪು ಊರು ದಾಟಿದ ಮೇಲೆ ಅವನು ಮೀಸೆ ಸವರಿಕೊಂಡದ್ದನ್ನು ನೋಡಬೇಕಿತ್ತು.

ಮೂರು ತಿಂಗಳ ಮೇಲೆ ಊರ ಶಾಲೆಯ ಮೇಷ್ಟ್ರು ಮಹದೇವಸ್ವಾಮಿ ಪಾಂಡವಪುರದಿಂದ ಒಂದು ಪತ್ರಿಕೆ, ಒಂದು ದಪ್ಪ ಕಾಗದದ ಕಟ್ಟು ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದರು. ಸೋಮಧಾರಾ ಡಿಸ್ಟಿಲರೀಸ್ ಎಂಬ ಕಂಪನಿ ಗುಬ್ಬಿಕೊಪ್ಪಲಿನ ಮೇಲ್ಗಡೆಯ ಅರವತ್ತು ಎಕರೆಯಲ್ಲಿ ಸ್ಪಿರಿಟ್ ಕಾರ್ಖಾನೆ ಕಟ್ಟುತ್ತದಂತೆ. ಆಕ್ಷೇಪಣೆ ಇದ್ದವರು ಸಾರ್ವಜನಿಕ ವಿಚಾರಣೆಗೆ ಬಂದು ಹೇಳಬೇಕಂತೆ. ಅರಳಿಕಟ್ಟೆಯಲ್ಲಿ ಮೇಷ್ಟ್ರು ವರದಿಯ ಸಾರಾಂಶವನ್ನು ಗಟ್ಟಿಯಾಗಿ ಓದಿದರು.

"ಸುತ್ತಮುತ್ತ ಬಾವಿಗಳಿಲ್ಲ. ಮರಗಳಿಲ್ಲ. ಜಾನುವಾರುಗಳಿಲ್ಲ. ಪಕ್ಷಿಗಳಿಲ್ಲ. ಆದ್ದರಿಂದ ಕಾರ್ಖಾನೆಯ ಕೊಳಚೆ ಹೊಂಡದಿಂದ ಯಾರಿಗೂ, ಯಾವುದಕ್ಕೂ ಹಾನಿಯಿಲ್ಲ."

"ಹೊಂಡ ಎಲ್ಲಿ ಬತ್ತದೆ ಮೇಷ್ಟ್ರೇ?" ಅಂದಾನಯ್ಯ ಕೇಳಿದ.

ಮೇಷ್ಟ್ರು ನಕ್ಷೆ ಬಿಡಿಸಿ ಬೆರಳಿಟ್ಟು ತೋರಿಸಿದರು. ಬಾವಿಯಿಂದ ಇನ್ನೂರು ಮಾರು ಮೇಲಕ್ಕೆ, ಇಳಿಜಾರಿನ ನೆತ್ತಿಯಲ್ಲಿ. ಕೊಳಚೆ ಇಂಗಿದರೆ ಇಳಿಯುವುದು ಎಲ್ಲಿಗೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ಇಂಥ ಸುಳ್ಳನ್ನ ಯಾವ ಬೇವರ್ಸಿ ಏಳ್ದೋನು?" ಎಂದು ಮಂಚಯ್ಯ ಎಗರಿದ. ಮೇಷ್ಟ್ರು ಕೊನೆಯ ಪುಟ ತಿರುಗಿಸಿ ಸಹಿ ತೋರಿಸಿದರು. ಮಂಚಯ್ಯ ತನ್ನ ಹೆಗಲ ಟವೆಲನ್ನು ಸರಿಮಾಡಿಕೊಂಡು ಬೇರೆ ಕಡೆ ನೋಡತೊಡಗಿದ.

ಅವತ್ತು ಲಕ್ಷ್ಮಿದೇವಮ್ಮ ಗಂಡನ ತಟ್ಟೆಗೆ ಮುದ್ದೆ ಇಟ್ಟಳು, ಸಾರು ಬಡಿಸಲಿಲ್ಲ. ಕೇಳಿದ್ದಕ್ಕೆ, "ಸಾರಾ? ನೀರಿಲ್ದೆ ಎಲ್ಲಿ ಬಂತು ಸಾರು. ನೀವೇ ಸೈನ್ ಆಕಿದ್ದೀರಲ್ಲ" ಅಂದಳು. ಅಂದಾನಯ್ಯ ಬರೀ ಮುದ್ದೆಯನ್ನು ನುಂಗಿ ಎದ್ದ.

ವಿಚಾರಣೆ ಪಾಂಡವಪುರದ ಒಂದು ಸಭಾಂಗಣದಲ್ಲಿ ನಡೆಯಿತು. ಮೇಜಿನ ಹಿಂದೆ ನಾಲ್ಕು ಜನ ಅಧಿಕಾರಿಗಳು, ನಡುವೆ ಕನ್ನಡಕ ಹಾಕಿದ ಒಬ್ಬರು ಹೆಂಗಸು. ಅವರೇ ಸಭೆಗೆ ಹಿರಿಯರು. ಕಂಪನಿಯ ಮ್ಯಾನೇಜರು ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸಿ, ಏನೂ ಇಲ್ಲದ ಜಾಗಕ್ಕೆ ನಾವು ಏನಾದರೂ ತರುತ್ತಿದ್ದೇವೆ ಎಂದು ಭಾಷಣ ಮಾಡಿದ. ಮಂಚಯ್ಯ ತಡೆಯಲಾರದೆ ಎದ್ದು, "ಗುಬ್ಬಿ ಅವೆ ಸಾಮಿ! ನಮ್ಮೂರಲ್ಲಿ ಗುಬ್ಬಿ ಅವೆ!" ಎಂದು ಕೂಗಿ ಕೂತ. ಆಮೇಲೆ ಅಂದಾನಯ್ಯ ಎದ್ದ.

"ಅಮ್ಮಾವ್ರೇ, ನಂದೊಂದು ಬಾವಿ ಐತೆ. ನಲ್ವತ್ತಡಿ. ಊರಿಗೆಲ್ಲ ಅದೇ ನೀರು."

ಹಿರಿಯ ಅಧಿಕಾರಿ ವರದಿ ತಿರುವಿದರು. "ಇಲ್ಲ ಅಂತ ಬರೆದಿದೆ. ಕೆಳಗಿನ ಸಹಿ ಯಾರದ್ದು?"

"ನಂದೇ."

ಸಭೆ ಗೊಳ್ಳೆಂದು ನಕ್ಕಿತು. ಮ್ಯಾನೇಜರು ಎದ್ದು, ವಿಚಾರಣೆ ಇದೆ ಎಂದು ತಿಳಿದ ಮೇಲೆ ಯಾರು ಬೇಕಾದರೂ ಗುಂಡಿ ತೋಡಿ ಬಾವಿ ಎನ್ನಬಹುದು ಎಂದ. ಅವನ ಮಾತು ತಪ್ಪೇನಲ್ಲ. ಅಧಿಕಾರಿ ಮೆತ್ತಗೆ ಕೇಳಿದರು. "ಪಹಣಿಯಲ್ಲಿ ಬಾವಿ ಇದೆಯೇ?" ಅಂದಾನಯ್ಯ ಇಲ್ಲ ಅಂದ. "ಪಂಪಿಗೆ ಮೀಟರ್ ನಂಬರ್?" ಅದೂ ಇಲ್ಲ ಅಂದ. "ಮೊದಲಿನಿಂದಲೂ ಬಾವಿ ಇತ್ತು ಎನ್ನುವುದಕ್ಕೆ ಒಂದೇ ಒಂದು ಸರ್ಕಾರಿ ಕಾಗದ ತನ್ನಿ ಅಂದಾನಯ್ಯ. ಹದಿನೈದು ದಿನ ಕೊಡ್ತೀನಿ."

ಅಂದಾನಯ್ಯನ ಜೀವಮಾನದ ಸಾಧನೆಯೇ ಅವನ ಕುತ್ತಿಗೆಗೆ ಬಂದಿತ್ತು. ಒಂದು ಕಾಗದವೂ ಸಿಕ್ಕದ ಹಾಗೆ ಇಪ್ಪತ್ತೈದು ವರ್ಷ ಎಷ್ಟು ಎಚ್ಚರದಿಂದ ಬಾಳಿದ್ದ! ವಾಪಸ್ ಬಸ್ಸಿನಲ್ಲಿ ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದ. ಮೇಷ್ಟ್ರು ಪಕ್ಕದಲ್ಲಿ ಯೋಚಿಸುತ್ತಾ, "ಒಂದೇ ದಾರಿ ಅಂದಾನಣ್ಣ. ಕರೆಂಟು ಕದ್ದಿದ್ದಕ್ಕೆ ನಿನ್ನ ಮೇಲೆ ಕೇಸು ಆಗ್ಬೇಕು. ಕೇಸಿನ ಮಹಜರಲ್ಲಿ ಬಾವಿ ಬರಲೇಬೇಕಲ್ಲ" ಎಂದರು.

ಮರುದಿನವೇ ಅಂದಾನಯ್ಯ ಕರೆಂಟ್ ಆಫೀಸಿಗೆ ಹೋಗಿ ಶಾಖಾಧಿಕಾರಿಯ ಮುಂದೆ ಕೈಮುಗಿದು ನಿಂತ.

"ಸಾರ್, ನಾನು ಕಳ್ಳ. ನನ್ನನ್ನ ಇಡೀರಿ."

ಶಾಖಾಧಿಕಾರಿ ನಾಗಮಂಗಲದಿಂದ ವರ್ಗವಾಗಿ ಬಂದು ಎರಡೇ ತಿಂಗಳಾಗಿತ್ತು. ಕಳ್ಳರು ತಾವಾಗಿ ಬಂದು ಸಾಲು ನಿಲ್ಲುವ ತಾಲ್ಲೂಕು ಇದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. "ಎಷ್ಟು ವರ್ಷದಿಂದ?" ಎಂದ.

"ಅನ್ನೆರಡು ವರ್ಸದಿಂದ."

"ಹೋಗಯ್ಯ! ಹನ್ನೆರಡು ವರ್ಷ ಅಂತ ಬರೆದ್ರೆ, ಅಷ್ಟು ದಿನ ನಿಮ್ಮ ಆಫೀಸು ಏನ್ ಮಾಡ್ತಿತ್ತು ಅಂತ ನನ್ನ ಕೇಳ್ತಾರೆ. ಕೊಕ್ಕೆ ತೆಗೆದು ಸುಮ್ನೆ ಇರು, ನಾನು ನೋಡಿಲ್ಲ."

"ಅಂಗನ್ಬೇಡಿ ಸಾರ್, ಬಂದು ನೋಡಿ."

"ಒಂದು ವಾರ ಅಂತ ಬರೀಲಾ?"

"ಒಂದ್ ವಾರದ ಕಳ್ಳ ಆದ್ರೆ ನನ್ ಬಾವಿ ಉಳಿಯಲ್ಲ ಸಾರ್!"

ಹೊರಗೆ ಸಿದ್ದೇಶ ಅವನ ಕೈಹಿಡಿದು ಮೂಲೆಗೆ ಎಳೆದ. "ಅಣ್ಣೋ, ನನ್ನ ಅನ್ನಕ್ಕೆ ಕಲ್ಲಾಕ್ಬ್ಯಾಡ ಕಣಣ್ಣೋ." ಸೈಕಲ್ ಬೆಲ್ಲಿನ ವಿಷಯ ಬಾಯಿ ಬಿಡುವುದಿಲ್ಲ ಎಂದು ಅಂದಾನಯ್ಯ ಅವನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಬೇಕಾಯಿತು. ಮೂರು ದಿನ ಹೋದ, ಮೂರು ದಿನವೂ ಓಡಿಸಿದರು. ನಾಲ್ಕನೆಯ ದಿನ ಅವನು ಕೊಕ್ಕೆಯ ಸಮೇತ ತಂತಿಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ಬಿಲ್ಲು ಕಟ್ಟುವವರ ಸಾಲಿನ ಮುಂದೆ ನಿಂತು ತನ್ನ ಕಳ್ಳತನವನ್ನು ವರ್ಷವಾರು ಸಾರತೊಡಗಿದ. ಸಾಲಿನಲ್ಲಿದ್ದವರಿಗೆ ರೇಗಿತು. ನಾವು ಬಿಲ್ಲು ಕಟ್ಟಿ ಸಾಯಬೇಕು, ಒಪ್ಪಿಕೊಂಡ ಕಳ್ಳನನ್ನೂ ನೀವು ಹಿಡಿಯುವುದಿಲ್ಲವೋ ಎಂದು ಕಿಟಕಿಗೆ ಮುಗಿಬಿದ್ದರು. ಶಾಖಾಧಿಕಾರಿ ಬೆವರು ಒರೆಸಿಕೊಂಡು ಜೀಪು ತೆಗೆಸಿದ.

ಬಾವಿಯ ಕಟ್ಟೆಯ ಮೇಲೆ ಮಹಜರು ನಡೆಯಿತು. ಮೋಟಾರಿನ ತಗಡಿನ ಮೇಲೆ ೧೯೮೬ ಎಂದು ಕೊರೆದದ್ದು ಸ್ಪಷ್ಟವಾಗಿತ್ತು. ಹಗ್ಗ ಇಳಿಬಿಟ್ಟು ಆಳ ಅಳೆದರು, ನೀರು ಅಳೆದರು. ಬದುಕಿನಲ್ಲಿ ಮೊದಲ ಬಾರಿಗೆ ಅಂದಾನಯ್ಯ ಕೇಳಿದ್ದಕ್ಕೆಲ್ಲ 'ಐತೆ, ಐತೆ' ಎನ್ನುತ್ತಿದ್ದ. ಒಮ್ಮೆ ರುಚಿ ಹತ್ತಿದ ಮೇಲೆ ನಿಲ್ಲಿಸುವುದು ಕಷ್ಟ, ಕೇಳದಿದ್ದರೂ ಆರು ರಾಸುಗಳ ಹೆಸರು ಹೇಳಿದ.

"ಬಾವಿ ಯಾರು ತೋಡಿದ್ದು?"

"ನಾನೇ ಸಾರ್."

"ನಾನೇ ಅಂದ್ರೆ?" ಹಿಂದಿನಿಂದ ಲಕ್ಷ್ಮಿದೇವಮ್ಮನ ದನಿ ಬಂತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆ ಹತ್ತಿ ಬಂದಳು. "ನೀವು ಕೆಳಗೆ ಆರೆ ಆಕ್ತಿದ್ರಿ ಸರಿ. ಎರಡ್ ವರ್ಸ ಮಂಕರಿ ಮಂಕರಿ ಮಣ್ಣು ಮೇಲಕ್ಕೆ ಒತ್ತೋರ್ಯಾರು, ನಿಮ್ ಭಾಮೈದನಾ? ಬರ್ಕೊಳ್ಳಿ ಸಾರ್, ನನ್ನ ಎಸ್ರೂನೂವೆ."

"ಇದು ಕಳ್ಳತನದ ಕೇಸಮ್ಮ" ಎಂದ ಶಾಖಾಧಿಕಾರಿ.

"ದಿನಾ ಸ್ವಿಚ್ ಆಕೋಳು ನಾನೇಯ. ಬಾವಿ ಇಬ್ರುದು ಅಂದ್ಮೇಲೆ ಕಳ್ತನಾನೂ ಇಬ್ರುದೇ ತಾನೇ?"

ಅಂದಾನಯ್ಯನಿಗೆ ನಾಚಿಕೆಯಾಯಿತು. ಸರ್ಕಾರಕ್ಕೆ ಹೇಳಿದ ಸುಳ್ಳುಗಳ ಬಗ್ಗೆ ಅವನು ಎಂದೂ ನಾಚಿದವನಲ್ಲ. ಆದರೆ ಇಷ್ಟು ವರ್ಷ ಸ್ನೇಹಿತರ ಮುಂದೆ, ನೆಂಟರ ಮುಂದೆ, ಮೊನ್ನೆ ತುಂಬಿದ ಸಭೆಯಲ್ಲೂ 'ನಂದೊಂದು ಬಾವಿ' ಎಂದೇ ಹೇಳಿಕೊಂಡು ಬಂದಿದ್ದನಲ್ಲ. "ಬರ್ಕೊಳ್ಳಿ ಸಾರ್" ಅಂದ, ಅವಳ ಮುಖ ನೋಡದೆ. "ಅವ್ಳು ಏಳ್ತಿರೋದು ನಿಜ." ಮೋಟಾರನ್ನು ಜಪ್ತಿ ಮಾಡಿ ಜೀಪಿಗೆ ಹಾಕಿಕೊಂಡು ಹೋದರು. ಗಂಡ ಹೆಂಡತಿ ಹಳೆಯ ರಾಟೆಗೆ ಎಣ್ಣೆ ಬಿಟ್ಟು ಹಗ್ಗ ಹಾಕಿದರು.

ಹದಿನೈದನೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಅಂದಾನಯ್ಯ ಟವೆಲಿನಲ್ಲಿ ಸುತ್ತಿದ್ದ ಕಾಗದವನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಹಿರಿಯ ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು.

"ಆರೋಪಿ ಒಂದು, ಅಂದಾನಯ್ಯ. ಆರೋಪಿ ಎರಡು, ಲಕ್ಷ್ಮಿದೇವಮ್ಮ. ಸದರಿ ಇಬ್ಬರೂ ಕೂಡಿ ತೋಡಿರುವ ನಲವತ್ತು ಅಡಿ ಆಳದ ಬಾವಿಯಿಂದ ೧೯೮೬ನೇ ಇಸವಿಯಿಂದ ಅಕ್ರಮವಾಗಿ ನೀರೆತ್ತುತ್ತಿದ್ದು, ಮಹಜರಿನ ದಿನ ಸದರಿ ಬಾವಿಯಲ್ಲಿ ಹದಿನಾರು ಅಡಿ ನೀರಿರುತ್ತದೆ."

ನೀರಿರುತ್ತದೆ! ಸರ್ಕಾರದ ಬಾಯಿಂದ ಆ ಮಾತು ಬಂದದ್ದೇ ಅಂದಾನಯ್ಯನ ಕಣ್ಣು ತುಂಬಿಕೊಂಡವು. ಕಂಪನಿಯ ಮ್ಯಾನೇಜರು ಎದ್ದು ಏನೋ ಹೇಳಹೊರಟ. ಪಕ್ಕದಲ್ಲಿ ಕೂತಿದ್ದ ಅಶೋಕ್ ಅವನ ಕೋಟಿನ ತುದಿ ಎಳೆದು, "ಆ ನೀರು ನಾನೇ ಕುಡಿದಿದ್ದೀನಿ ಸಾರ್, ಕೂತ್ಕೊಳ್ಳಿ" ಎಂದ. ಈ ಬಾವಿಯ ನೆತ್ತಿಯ ಮೇಲೆ ಕೊಳಚೆ ಹೊಂಡ ಕೂಡದು, ಕಾರ್ಖಾನೆಗೆ ಈ ಜಾಗ ಬೇಡ ಎಂದು ಅಧಿಕಾರಿ ಎಲ್ಲರ ಮುಂದೆ ಹೇಳಿ ಹಾಗೆಯೇ ಬರೆದರು. ಗುಬ್ಬಿಕೊಪ್ಪಲಿನವರ ಶಿಳ್ಳೆ ನಿಲ್ಲುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಬಾವಿಯವರು ಬಂದು ಹೇಳಿಕೆಗೆ ಸಹಿ ಹಾಕಿ" ಎಂದು ಕರೆದರು. ಅಂದಾನಯ್ಯ ಪೆನ್ನು ತೆಗೆದುಕೊಂಡವನು ತಾನು ಸಹಿ ಹಾಕದೆ ಹಿಂತಿರುಗಿ, "ಬಾರಮ್ಮಿ, ಮೊದ್ಲು ನೀನು" ಎಂದು ಹೆಂಡತಿಗೆ ಚಾಚಿದ. ಲಕ್ಷ್ಮಿದೇವಮ್ಮ ಬಂದು ಮೇಜಿನ ಮುಂದೆ ನಿಂತಳು. ಅವಳ ಹೆಸರಿನ ಮುಂದೆ ಅಧಿಕಾರಿ ಬರೆಯತೊಡಗಿ, ತಲೆಯೆತ್ತಿ ಕೇಳಿದರು.

"ಅಂದಾನಯ್ಯನವರ ಹೆಂಡತಿ ಅಂತ ಬರೀಲೇನಮ್ಮಾ?"

"ಅದು ಊರಿಗೆಲ್ಲ ಗೊತ್ತೈತೆ ಕಣವ್ವ" ಅಂದಳು ಲಕ್ಷ್ಮಿದೇವಮ್ಮ. "ಬಾವಿ ತೋಡ್ದೋಳು ಅಂತ ಬರಿ."