ಕ್ಯಾಮೆರಾ ಪಕ್ಕದಲ್ಲಿ ನಿಂತವಳು

ಲ್ಯಾಪ್‌ಟಾಪನ್ನು ಯಾರೋ ಇತ್ತ ತಿರುಗಿಸಿದರು, ಟ್ಯೂಬ್‌ಲೈಟು ಪರದೆಯ ಮೇಲೆ ಬಿಳಿ ಗೆರೆಯಾಗಿ ಬಿದ್ದು ವಿಡಿಯೋದಲ್ಲಿದ್ದ ಗಡಿಬಿಡಿ ಎಂಬ ಅಡ್ಡಹೆಸರಿನವಳ ಮುಖವನ್ನು ಮೂಗಿನ ಹತ್ತಿರ ಸೀಳಿತು, ಇನ್ನೊಂಚೂರು ಓರೆ ಮಾಡಿ ಅಂದರು ವಿಚಾರಣೆ ನಡೆಸುತ್ತಿದ್ದ ಮೇಡಂ, ಓರೆ ಮಾಡಿದರು, ಈಗ ಮುಖ ಪೂರ್ತಿ ಕಾಣುತ್ತಿದೆ, ಕಣ್ಣು ಮಾತ್ರ ಕ್ಯಾಮೆರಾ ಕಡೆ ಇಲ್ಲ, ಪಕ್ಕಕ್ಕೆ — ಆ ಪಕ್ಕದಲ್ಲಿ ಏನೇನಿತ್ತು ಅಂತ ಟೀಚರಿಗೆ ಕಣ್ಣು ಮುಚ್ಚಿದರೂ ಗೊತ್ತು, ಇಸ್ತ್ರಿ ಮೇಜು, ನೀರಿನ ಕ್ಯಾನು, ಒಂಟಿಕಾಲಿನ ಗೊಂಬೆ. ಟೀಚರ್ ಅಂದರೆ ಶಾಲೆಯ ಟೀಚರೇನಲ್ಲ, ಹೆಂಗಸರನ್ನು ಪರದೇಶಕ್ಕೆ ಮನೆಗೆಲಸಕ್ಕೆ ಕಳಿಸುವ ಏಜೆನ್ಸಿಯ ಮಹಡಿ ಕೋಣೆಯಲ್ಲಿ ಹತ್ತು ದಿನದ ತರಬೇತಿ, ಷರಟಿನ ಕಾಲರು ಮೊದಲು ತೋಳು ಆಮೇಲೆ, ಯಾರಾದರೂ ಬೈದರೆ ನೆಲ ನೋಡಿ ಆದರೆ ಅಳಬೇಡಿ, ಅತ್ತರೆ ಅವರಿಗೆ ಇನ್ನೂ ಸಿಟ್ಟು ಬರುತ್ತೆ — ತಾನೂ ಏಳು ವರ್ಷ ಹೋಗಿ ಬಂದವಳೇ, ಅದಕ್ಕೇ ಅವಳ ಮಾತೆಂದರೆ ಹೆಂಗಸರಿಗೆ ನಂಬಿಕೆ, ಅದಕ್ಕೇ ಏಜೆನ್ಸಿಯ ಯಜಮಾನರೂ ಕೆಲಸಕ್ಕೆ ಇಟ್ಟುಕೊಂಡದ್ದು. ಮಗುವಿಗೆ ಸ್ನಾನ ಮಾಡಿಸುವ ಪಾಠಕ್ಕೆ ಆ ಗೊಂಬೆ, ಅಕ್ಕ, ಇದಕ್ಕೆ ಒಂದೇ ಕಾಲ್ಚೀಲ ಸಾಕಲ್ವಾ, ಒಗೆಯೋ ಕೆಲಸ ಅರ್ಧ ಉಳೀತು, ಹಾಗಂದವಳೇ ಗಡಿಬಿಡಿ, ಕೋಣೆ ತುಂಬ ನಗು, ಏನು ಹೇಳಿಕೊಟ್ಟರೂ ಹೇಳಿ ಮುಗಿಸುವಷ್ಟರಲ್ಲಿ ಮಾಡಿ ಮುಗಿಸುತ್ತಿದ್ದಳು, ಹೆಸರು ಹಾಗೆ ಅಂಟಿಕೊಂಡದ್ದು.

ಈಗ ಅದೇ ಗಡಿಬಿಡಿ ಮೇಜಿನ ಆಚೆ ತನ್ನ ಅಮ್ಮನ ಪಕ್ಕ ಕೂತಿದ್ದಾಳೆ, ಬೆಳಗಿನಿಂದ ಇತ್ತ ತಲೆ ಎತ್ತಿಲ್ಲ, ಕೈ ಎರಡನ್ನೂ ಪ್ಲಾಸ್ಟಿಕ್ ಫೈಲಿನ ಕೆಳಗೆ ಇಟ್ಟಿದ್ದಾಳೆ, ಬಲಗೈಯ ಮೂರು ಬೆರಳು ಮಡಿಸಲು ಬರುವುದಿಲ್ಲವಂತೆ, ವೈದ್ಯರ ಚೀಟಿ ಓದಿಯಾಯಿತು — ಮೋರಿ ತೊಳೆಯುವ ಆಸಿಡ್ಡು, ಕೈಗವಸು ಇಲ್ಲ — ಏಜೆನ್ಸಿಯ ವಕೀಲರು ತಲೆಯಾಡಿಸುತ್ತ ಕೇಳಿಸಿಕೊಂಡರು, ಬಹಳ ಬೇಜಾರಿನ ಸಂಗತಿ ಮೇಡಂ, ಆದರೆ ಒಪ್ಪಂದದ ಪ್ರಕಾರ ತೊಂಬತ್ತು ದಿನದೊಳಗೆ ದೂರು ಬಂದರೆ ಮನೆ ಬದಲಿಸೋದು, ವಾಪಸ್ ಕರೆಸೋದು ನಮ್ಮ ಹೊಣೆ, ಆಮೇಲಿನದಕ್ಕೆ ಆ ಮನೆಯವರು ಹೊಣೆ, ತೊಂಬತ್ತು ದಿನದೊಳಗೆ ಒಂದೇ ಒಂದು ದೂರು ಬಂದಿಲ್ಲ, ಬೇಕಾದರೆ ಈಕೆಯ ಬಾಯಲ್ಲೇ ಕೇಳಿ. ಈಕೆ ಅಂದರೆ ತಾನು, ಟೀಚರು. ಹೊಣೆಯನ್ನು ಹೀಗೂ ಮಡಚಬಹುದು, ಕಾಲರು ಮೊದಲು ತೋಳು ಆಮೇಲೆ, ಸುಕ್ಕೇ ಕಾಣದ ಹಾಗೆ.

ವಿಡಿಯೋ ಮತ್ತೆ ಓಡಿಸಿದರು. ನಾನು ಸ್ವಂತ ಇಷ್ಟದಿಂದ ಹೋಗುತ್ತಿದ್ದೇನೆ, ತೊಂಬತ್ತು ದಿನದ ನಂತರ ಏನೇ ಆದರೂ ಏಜೆನ್ಸಿಗೆ ಸಂಬಂಧವಿಲ್ಲ — ಈ ವಾಕ್ಯ ಬಾಯಿಪಾಠ ಮಾಡಿಸಿದ್ದೂ ತಾನೇ, ನಗ್ತಾ ಹೇಳೇ, ಸೂಜಿ ಚುಚ್ಚಿಸಿಕೊಳ್ಳೋಳ ಹಾಗೆ ಮುಖ ಮಾಡಬೇಡ, ಮೂರು ಸಲ ಎಡವಿ ನಾಲ್ಕನೆಯ ಸಲ ಸರಿಯಾಗಿ ಹೇಳಿದಳು, ಹೇಳಿದ್ದೇ ಕಣ್ಣು ಪಕ್ಕಕ್ಕೆ ಹೊರಳಿತು, ತುಟಿ ಮತ್ತೆ ತೆರೆಯಿತು, ಅಲ್ಲಿಗೆ ಕತ್ತರಿ. ಕತ್ತರಿಸದ ಪೂರ್ತಿ ವಿಡಿಯೋ ಟೀಚರ ಫೋನಿನಲ್ಲಿ ಇನ್ನೂ ಇದೆ, ಫೋನು ಚೀಲದಲ್ಲಿ, ಚೀಲ ತೊಡೆಯ ಮೇಲೆ, ಬಿಸಿಯಾಗಿದೆಯೋ ತೊಡೆಯೇ ಬಿಸಿಯೋ — ಬರುವಾಗ ಕಾರಿನಲ್ಲಿ ಯಜಮಾನರು ಎಸಿ ಅವಳ ಕಡೆಗೇ ತಿರುಗಿಸಿದ್ದರು, ಒಂದೇ ಮಾತು ಟೀಚರ್, ದೂರು ಬಂದಿರಲಿಲ್ಲ ಅಂತ, ನೀವೇನು ಹೊರಗಿನವರಾ, ಮನೆ ಮಗಳ ಹಾಗೆ ನೋಡ್ಕೊಂಡಿಲ್ವಾ.

ಗಡಿಬಿಡಿ ಹೋದ ಎಂಬತ್ತೊಂದನೆಯ ದಿನ ಅವಳ ಫೋನು ಬಂದಿತ್ತು. ಅಕ್ಕ, ಚರ್ಮ ಎದ್ದು ಬರ್ತಿದೆ, ಡಾಕ್ಟರ ಹತ್ರ ಕಳಿಸಲ್ಲ ಅಂತಾರೆ, ಬೇರೆ ಮನೆಗೆ ಹಾಕ್ಸಿ ಅಕ್ಕ — ಯಜಮಾನರು ತಲೆ ಎತ್ತದೆ ಎಷ್ಟನೇ ದಿನ ಅಂದರು, ಎಂಬತ್ತೊಂದು ಸಾರ್, ಹಾಗಾದರೆ ಇನ್ನೊಂದು ಹತ್ತು ದಿನ ಹೇಗಾದರೂ ತಳ್ಳಿ ಅಂದರು. ಹೀಗೆ ತಳ್ಳಿಸಿಕೊಂಡವಳು ಗಡಿಬಿಡಿ ಒಬ್ಬಳೇ ಅಲ್ಲ, ಎಪ್ಪತ್ತೆಂಟನೆಯ ದಿನ ಒಬ್ಬಳು, ಎಂಬತ್ತೈದನೆಯ ದಿನ ಇಬ್ಬರು, ಗೋಡೆಯ ಕ್ಯಾಲೆಂಡರಿನಲ್ಲಿ ಒಬ್ಬೊಬ್ಬಳ ತೊಂಬತ್ತಕ್ಕೂ ಕೆಂಪು ಸುತ್ತು, ಅದು ದಾಟಿದರೆ ಫೋನು ತೆಗೆಯುವುದೇ ಬೇಡ. ಫೋನಿಗೆ ಟೀಚರು ಹೇಳಿದ್ದು ಇಷ್ಟೇ, ಹೊಸ ಜಾಗ ಕಣೇ, ಸ್ವಲ್ಪ ಹೊಂದ್ಕೋ, ಮುಲಾಮು ಹಚ್ಚು, ಇನ್ನೊಂದು ಹತ್ತು ದಿನ ನೋಡೋಣ — ಹತ್ತೇ ದಿನ ತಾನೇ, ಆಗಲಿ ಅಕ್ಕ, ನೀವು ಹೇಳಿದ ಮೇಲೆ. ರಿಜಿಸ್ಟರಿನಲ್ಲಿ ಎಂಬತ್ತೊಂದರ ಎದುರು ಬರೆದದ್ದು ಒಂದೇ ಪದ, ಕುಶಲ. ಅಕ್ಷರ ದುಂಡಗೆ ಬಂದಿತ್ತು.

ಹೇಳಿ, ದೂರು ಬಂದಿತ್ತಾ. ಯಾರ ದನಿ ಇದು, ವಕೀಲರದು. ಯಜಮಾನರ ಪೆನ್ನು ಟಕ್ ಟಕ್. ಇಲ್ಲ ಅನ್ನಲು ಬಾಯಿ ತಯಾರಾಗಿಯೇ ಇತ್ತು, ಇಲ್ಲ ಅನ್ನುವುದು ಎಷ್ಟು ಸಣ್ಣ ಮಾತು — ಒಂದು ನಿಮಿಷ, ಅಂದರು ಮೇಡಂ, ಕೊನೆಯಲ್ಲಿ ನಿಲ್ಲಿಸಿ, ಹಾಂ ಅಲ್ಲೇ, ಆಕೆ ಯಾರನ್ನ ನೋಡ್ತಿದ್ದಾರೆ? ಯಾರನ್ನೂ ಇಲ್ಲ ಮೇಡಂ, ನಾಚಿಕೆ, ಮೊದಲ ಸಲ ಕ್ಯಾಮೆರಾ ಮುಂದೆ ನಿಂತಿದ್ದು — ವಕೀಲರು ನಕ್ಕರು, ಯಜಮಾನರೂ ನಕ್ಕರು, ಟೀಚರ ಚೀಲದ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು, ಎಳೆದಳು, ಬಂತು.

ನನ್ನನ್ನ ಮೇಡಂ.

ಪೆನ್ನು ನಿಂತಿತು. ಫೋನು ಮೇಜಿನ ನಡುವೆ, ಸಣ್ಣ ಪರದೆ, ಅದೇ ವಾಕ್ಯ, ಅದೇ ನಗು, ಕತ್ತರಿ ಬಿದ್ದ ಜಾಗ ದಾಟಿ ಮುಂದಕ್ಕೆ — ಅಕ್ಕ, ತೊಂಬತ್ತು ದಿನದೊಳಗೆ ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡ್ಲಿ? ಚಿತ್ರದಲ್ಲಿಲ್ಲದ ಒಂದು ದನಿ, ತನ್ನದೇ, ಎಷ್ಟು ಅಕ್ಕರೆಯ ದನಿ, ನನಗೇ ಮಾಡೇ, ನಾವಿಲ್ವಾ. ಮಾಡಿದ್ಲು ಮೇಡಂ, ಎಂಬತ್ತೊಂದನೇ ದಿನ, ಕುಶಲ ಅಂತ ಬರೆದೋಳು ನಾನು, ಯಜಮಾನರು ಹೇಳಿದರು ನಾನು ಬರೆದೆ — ಇನ್ನೂ ಏನೋ ಹೇಳುವುದಿತ್ತು, ಎಪ್ಪತ್ತೆಂಟರವಳದು, ಎಂಬತ್ತೈದರ ಇಬ್ಬರದು, ಕ್ಯಾಲೆಂಡರಿನದು, ಮೇಜಿನ ಆಚೆ ಫೈಲು ಜಾರಿತು, ಹಿಡಿಯಲು ಹೋದ ಬೆರಳುಗಳು ಮಡಚಿಕೊಳ್ಳಲಿಲ್ಲ, ಗಡಿಬಿಡಿ ಬೆಳಗಿನಿಂದ ಮೊದಲ ಸಲ ತಲೆ ಎತ್ತಿದಳು, ಟೀಚರ ಮುಖ ನೋಡಲಿಲ್ಲ, ವಿಡಿಯೋದಲ್ಲಿ ನೋಡಿದ ಹಾಗೆಯೇ ಪಕ್ಕಕ್ಕೆ ನೋಡಿದಳು, ಅಲ್ಲಿ ಈಗ ಯಾರೂ ನಿಂತಿಲ್ಲ, ಅದೇ ಕಣ್ಣು, ಪಕ್ಕಕ್ಕೆ.