ಸುಟ್ಟದ್ದು ಗೊತ್ತಾಗದ ಬೆರಳು

ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅಲ್ಲಿ ಅಕ್ಕನದು ಇಸ್ತ್ರಿಯ ಕೆಲಸ. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಊಟದ ಮೇಜಿನ ಬಟ್ಟೆ ಎಲ್ಲವೂ ಅವಳ ಕೈ ದಾಟಿಯೇ ಮೇಲಕ್ಕೆ ಹೋಗಬೇಕು. ಮದುವೆಗೆ ಮುಂಚಿನಿಂದಲೂ ನಿಂತೇ ದುಡಿದವಳಿಗೆ ಈಚೆಗೆ ನಿಲ್ಲುವುದೇ ಭಾರವಾಗಿತ್ತು. ಬೆಳಿಗ್ಗೆ ಏಳುವಾಗಲೇ ಸಂಜೆಯ ಸುಸ್ತು. ನೆಲಮಾಳಿಗೆಯ ಮೆಟ್ಟಿಲು ಹತ್ತಿ ಬಂದರೆ ಗೋಡೆ ಹಿಡಿದು ಸುಧಾರಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರಿಗೆ ಇದೆಲ್ಲ ಇದ್ದದ್ದೇ ಎಂದು ಎಲ್ಲರೂ ಹೇಳುತ್ತಿದ್ದರು. ಅವಳೂ ಹೌದೆಂದು ನಂಬಿ ಸುಮ್ಮನಾಗಿದ್ದಳು.

ತಂಗಿ ಸುಮ್ಮನಾಗುವವಳಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವಳಿಗೂ ಅದೇ ಕಾಯಿಲೆ. ಅಮ್ಮ ಒಡವೆ ಬಿಟ್ಟುಹೋಗದಿದ್ದರೂ ಇದೊಂದನ್ನು ಮಾತ್ರ ಜಗಳ ಬಾರದ ಹಾಗೆ ಇಬ್ಬರಿಗೂ ಸಮ ಹಂಚಿದಳು ಎಂದು ನಗಾಡುತ್ತಿದ್ದಳು. ಒಂದು ದಿನ ಅಂಗಡಿಗೆ ಬಂದ ಗಿರಾಕಿಯೊಬ್ಬರು, ಸಕ್ಕರೆ ಇದ್ದವರ ರಕ್ತ ಒಳಗೊಳಗೇ ತುಕ್ಕು ಹಿಡಿಯುತ್ತದೆ, ವಿಟಮಿನ್ ಸಿ ಮತ್ತು ಇ ಅದನ್ನು ತಡೆಯುತ್ತವೆ ಎಂದು ಹೇಳಿದ್ದರು. ಅಂದೇ ಸಂಜೆ ತಂಗಿ ಎರಡು ಜೊತೆ ಡಬ್ಬಿ ತಂದು ಒಂದು ಜೊತೆಯನ್ನು ಅಕ್ಕನ ಅಡುಗೆಮನೆಯಲ್ಲಿಟ್ಟಳು. ಅಕ್ಕನಿಗೆ ಅದರಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೂ ಪ್ರೀತಿಯಿಂದ ತಂದದ್ದು, ಬೇಡವೆನ್ನುವುದಕ್ಕೂ ದಣಿವು. ಹಳೆಯ ಮಾತ್ರೆಗಳ ಜೊತೆಗೆ ಇವನ್ನೂ ನುಂಗತೊಡಗಿದಳು. ಸುಸ್ತು ಹೋಗಲಿಲ್ಲ. ಬೆರಳ ತುದಿಗಳಲ್ಲಿ ಜೋಮು ಹಿಡಿದಂತಾಗುವುದು ಮಾತ್ರ ಹೆಚ್ಚುತ್ತ ಬಂತು.

ಆ ದಿನ ಮೇಜಿನ ಬಟ್ಟೆಗಳ ರಾಶಿ ದೊಡ್ಡದಿತ್ತು. ಪಕ್ಕದ ಮೇಜಿನವಳ ಬಾಯಿ ನಿಲ್ಲುವುದಿಲ್ಲವೆಂದು ಎಲ್ಲರೂ ಅವಳನ್ನು ರೇಡಿಯೊ ಎಂದೇ ಕರೆಯುತ್ತಿದ್ದರು. ಅವಳು ಅತ್ತೆಯ ಸುದ್ದಿ ಹೇಳುತ್ತಿದ್ದವಳು ನಡುವೆಯೇ ನಿಲ್ಲಿಸಿ, ಏನೋ ಸೀದ ವಾಸನೆ ಎಂದು ಮೂಗರಳಿಸಿದಳು. ಬಟ್ಟೆ ಸುಟ್ಟಿತೇನೋ ಎಂದು ಅಕ್ಕ ಮಡಿಕೆ ಬಿಡಿಸಿ ನೋಡಿದಳು. ಬಟ್ಟೆ ಬೆಳ್ಳಗೇ ಇತ್ತು.

"ಬಟ್ಟೆ ಅಲ್ಲ ಕಣೇ, ನಿನ್ನ ಕೈ ನೋಡು," ಎಂದಳು ರೇಡಿಯೊ.

ಎಡಗೈಯ ಎರಡು ಬೆರಳು ಇಸ್ತ್ರಿಪೆಟ್ಟಿಗೆಯ ಅಂಚಿಗೆ ತಾಗಿ ಚರ್ಮ ಸುಲಿದಿತ್ತು. ನೋವಿರಲಿಲ್ಲ. ನೋವಿಲ್ಲದ್ದಕ್ಕೇ ಹೆದರಿ ಅಕ್ಕ ಇಸ್ತ್ರಿಪೆಟ್ಟಿಗೆ ಆರಿಸಿ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ಗಾಯಕ್ಕೆ ಪಟ್ಟಿ ಕಟ್ಟಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ರಕ್ತ ಪರೀಕ್ಷೆ ಮಾಡಿಸಿದರು, ತಿನ್ನುವ ಮಾತ್ರೆಗಳನ್ನೆಲ್ಲ ತರಿಸಿಕೊಂಡರು. ರಕ್ತ ತೀರ ಕಡಿಮೆ ಇತ್ತು, ಬಿ ಹನ್ನೆರಡು ಎಂಬ ವಿಟಮಿನ್ ತಳ ಮುಟ್ಟಿತ್ತು. ಸುಸ್ತಿಗೂ ಬೆರಳ ಜೋಮಿಗೂ ಅದೇ ಕಾರಣವಾಗಿತ್ತು. ಸಕ್ಕರೆಯ ಮಾತ್ರೆಯನ್ನು ಬಹಳ ಕಾಲ ತೆಗೆದುಕೊಂಡ ಕೆಲವರಿಗೆ ಹೀಗಾಗುವುದುಂಟು, ಅದಕ್ಕೆ ಇಂಜೆಕ್ಷನ್ ಇದೆ, ಹಾಗಂತ ಆ ಮಾತ್ರೆ ಬಿಡಬಾರದು ಎಂದರು. ತಂಗಿಯ ಡಬ್ಬಿಗಳನ್ನು ತಿರುಗಿಸಿ ನೋಡಿ ಬೈಯಲಿಲ್ಲ. ಇವುಗಳಿಂದ ಸಕ್ಕರೆಯವರ ರಕ್ತಕ್ಕೆ ಉಪಯೋಗವಿದೆಯೇ ಎಂದು ಸಂಶೋಧಕರು ಇನ್ನೂ ಹುಡುಕುತ್ತಲೇ ಇದ್ದಾರೆ, ಆದರೆ ಚಿಕಿತ್ಸೆಯ ಜಾಗದಲ್ಲಿ ಇವನ್ನು ಕೂರಿಸಲಾಗದು ಎಂದಷ್ಟೇ ಹೇಳಿದರು.

ಅಲ್ಲಿಂದ ಅಕ್ಕ ನೇರವಾಗಿ ತಂಗಿಯ ಮನೆಗೆ ಹೋದಳು. ತಂಗಿ ಈರುಳ್ಳಿ ಹೆಚ್ಚುತ್ತಿದ್ದಳು. ಪಟ್ಟಿ ಕಟ್ಟಿದ ಕೈ ನೋಡಿ ಗಾಬರಿಯಾದವಳಿಗೆ ಅಕ್ಕ ನಡೆದದ್ದನ್ನೆಲ್ಲ ಹೇಳಿ, ನೀನೂ ಒಮ್ಮೆ ರಕ್ತ ತೋರಿಸಿಕೋ, ನಾವಿಬ್ಬರೂ ತಿನ್ನುವುದು ಒಂದೇ ಮಾತ್ರೆಯಲ್ಲವೇ ಎಂದಳು. ತಂಗಿ ಹೆಚ್ಚಿದ ಈರುಳ್ಳಿಯನ್ನೇ ಮತ್ತೆ ಮತ್ತೆ ಸಣ್ಣಗೆ ಹೆಚ್ಚುತ್ತ ನಿಂತಳು.

"ಮಾತ್ರೆ ತಗೋತಿದೀಯ ತಾನೆ?"

"ಬಿಟ್ಟು ತುಂಬಾ ದಿನ ಆಯ್ತು ಅಕ್ಕ. ಇದನ್ನೇ ತಗೋತಿದೀನಿ, ವಿಟಮಿನ್ನು." ಚಾಕು ಕೆಳಗಿಟ್ಟಳು. "ಅಮ್ಮ ಒಂದು ಹೊತ್ತೂ ಮಾತ್ರೆ ತಪ್ಪಿಸಿರ್ಲಿಲ್ಲ. ನಾನೇ ಕೈಗೆ ಕೊಡ್ತಿದ್ದೆ. ಆದ್ರೂ ಕಿಡ್ನಿ ಹೋಯ್ತು, ಅವಳೂ ಹೋದ್ಳು. ಆ ಮಾತ್ರೆ ಬಾಯಿಗಿಟ್ಕೊಂಡ್ರೆ ಅವಳ ಮುಖಾನೇ ಬರುತ್ತೆ. ಗಂಟಲಲ್ಲಿ ಇಳಿಯೋದೇ ಇಲ್ಲ."

ಅಮ್ಮನ ಕೊನೆಯ ತಿಂಗಳುಗಳಲ್ಲಿ ಅಕ್ಕ ಕೆಲಸಕ್ಕೆ ಹೋಗುತ್ತಿದ್ದಳು. ನೋಡಿಕೊಂಡದ್ದು ತಂಗಿ.

"ನಿನ್ ಜೊತೆ ವಾದ ಮಾಡೋಕೆ ನನ್ನಲ್ಲಿ ತ್ರಾಣ ಇಲ್ಲ ಕಣೇ," ಎಂದಳು ಅಕ್ಕ. "ಬೆಳಿಗ್ಗೆ ಏನೂ ತಿನ್ಬೇಡ. ನಾನು ಬಂದು ಕರ್ಕೊಂಡು ಹೋಗ್ತೀನಿ."

ತಂಗಿ ಕಣ್ಣೊರೆಸಿಕೊಂಡು, ಈರುಳ್ಳಿ ಖಾರ ಎಂದಳು. ಬರುವುದಿಲ್ಲ ಎನ್ನಲಿಲ್ಲ.

ಮರುದಿನ ಇಬ್ಬರೂ ಪ್ರಯೋಗಾಲಯದ ಬೆಂಚಿನ ಮೇಲೆ ಖಾಲಿ ಹೊಟ್ಟೆಯಲ್ಲಿ ಒಬ್ಬರಿಗೊಬ್ಬರು ಒರಗಿ ಕುಳಿತರು. ತಂಗಿಯ ಸಕ್ಕರೆ ಎಲ್ಲೋ ಏರಿ ಕೂತಿತ್ತು. ಕಿಡ್ನಿಗೂ ಸ್ವಲ್ಪ ಪೆಟ್ಟು ಬಿದ್ದಿತ್ತು. ಅಮ್ಮನಷ್ಟಲ್ಲ, ಈಗಿಂದ ಕಾಪಾಡಿಕೊಳ್ಳಬಹುದು ಎಂದರು ಡಾಕ್ಟರು. ಅವಳಿಗೆ ಬೇರೊಂದು ಮಾತ್ರೆಯನ್ನೂ ಸೇರಿಸಿ ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ ಕಿಟಕಿಯ ಕಡೆಗೇ ಮುಖ ಮಾಡಿದ್ದಳು.

ಇಂಜೆಕ್ಷನ್‌ಗಳಿಂದ ಅಕ್ಕನಿಗೆ ಚೂರುಚೂರಾಗಿ ಶಕ್ತಿ ಮರಳಿತು. ಬೆರಳ ತುದಿಗಳಿಗೆ ಮಾತ್ರ ಪೂರ್ತಿ ಜೀವ ಬರಲಿಲ್ಲ. ಮೇಲ್ವಿಚಾರಕರು ಅವಳನ್ನು ಇಸ್ತ್ರಿಯಿಂದ ಬಿಡಿಸಿ ಬಟ್ಟೆ ಮಡಿಸುವ ಮೇಜಿಗೆ ಹಾಕಿದರು. ತಂಗಿ ದಿನವೂ ಊಟವಾದ ಮೇಲೆ ಫೋನು ಮಾಡಿ, ಮಾತ್ರೆಯನ್ನು ಅಕ್ಕನಿಗೆ ಕೇಳಿಸುವಂತೆ ನೀರಿನೊಂದಿಗೆ ನುಂಗಿ, "ಇಳೀತು," ಎನ್ನುತ್ತಾಳೆ. ಅಕ್ಕ "ಹೂಂ" ಎನ್ನುತ್ತಾಳೆ. ಆಮೇಲೂ ಸ್ವಲ್ಪ ಹೊತ್ತು ಯಾರೂ ಫೋನು ಇಡುವುದಿಲ್ಲ.